ನನ್ನ ಬೀಡಿ, ಅಕ್ಕನ ಕೆಮ್ಮು

"ಮನೆಯಲ್ಲಿ ಬೀಡಿ, ಸಿಗರೇಟು ಸೇದುವವರು ಯಾರಾದರೂ ಇದ್ದಾರಾ?" ಎಂದು ಡಾಕ್ಟರು ಕೇಳಿದಾಗ ನಾನು ಹೌದು ಎನ್ನಲಿಲ್ಲ. ಅದೇನು ಕಷ್ಟದ ಪ್ರಶ್ನೆಯಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಉತ್ತರ ಗೊತ್ತಿತ್ತು. ಕೆಮ್ಮು ತೋರಿಸಲು ಬಂದವಳು ನನ್ನ ಅಕ್ಕ ಲೀಲಾ, ಜೊತೆಗೆ ಬಂದವನು ನಾನು, ಬೀಡಿಕಟ್ಟು ಇದ್ದದ್ದು ನನ್ನ ಅಂಗಿಯ ಕಿಸೆಯಲ್ಲಿ. ಅಕ್ಕ ಒಮ್ಮೆ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿದ್ದ ಶ್ವಾಸಕೋಶದ ಚಿತ್ರವನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದೆ. ಶಾಲೆಯಲ್ಲಿ ಯಾವ ಚಿತ್ರವನ್ನೂ ಅಷ್ಟು ಶ್ರದ್ಧೆಯಿಂದ ನೋಡಿದವನಲ್ಲ. ಕೊನೆಗೆ ಅಕ್ಕನೇ ಹೇಳಿದಳು: "ಇಲ್ಲ ಡಾಕ್ಟ್ರೇ, ಯಾರೂ ಇಲ್ಲ. ನಾನು ಬೀಡಿ ಕಟ್ಟುವುದುಂಟು. ಅದರ ಧೂಳು ಇರಬೇಕು."

ಹಾಗಾದರೆ ಬೀಡಿ ಕಟ್ಟುವುದನ್ನು ನಿಲ್ಲಿಸಿ ಎಂದರು ಡಾಕ್ಟರು. ಹದಿಮೂರನೇ ವಯಸ್ಸಿನಿಂದ ಮಡಿಲಲ್ಲಿದ್ದ ಗೆರಸೆಯನ್ನು, ಎಲೆ ಹೊಗೆಸೊಪ್ಪು ಹರಡಿಕೊಳ್ಳುವ ಆ ಮೊರವನ್ನು, ಅಕ್ಕ ಅಟ್ಟಕ್ಕೆ ಹಾಕಿದಳು. ನನ್ನ ಬೀಡಿ ಮಾತ್ರ ಕಿಸೆಯಲ್ಲೇ ಉಳಿಯಿತು.

ಅದಕ್ಕೆ ಮೊದಲು, ಗಡಿನಾಡಿನ ಊರಾದ ಶಿರಿಯದ ನಮ್ಮ ಮನೆಯ ಜಗಲಿಯಲ್ಲಿ ಊಟ ಮುಗಿದ ಮೇಲೆ ಅಕ್ಕಪಕ್ಕದ ನಾಲ್ಕು ಮಂದಿ ಹೆಂಗಸರು ತಮ್ಮ ತಮ್ಮ ಗೆರಸೆ ಹಿಡಿದುಕೊಂಡು ಬಂದು ಕೂರುತ್ತಿದ್ದರು. ಕೈ ಎಲೆ ಸುತ್ತುತ್ತಿತ್ತು, ಬಾಯಿ ಊರು ಸುತ್ತುತ್ತಿತ್ತು. ಅದೇ ಜಗಲಿಯ ಇನ್ನೊಂದು ಮೂಲೆಯಲ್ಲಿ ನಾನು ಹರಿದ ಬಲೆ ಸರಿಮಾಡುತ್ತಿದ್ದೆ. ಬಲೆಗಿಂತ ದೊಡ್ಡ ಇನ್ನೊಂದು ಜವಾಬ್ದಾರಿಯನ್ನು ನಾನೇ ಹೊತ್ತುಕೊಂಡಿದ್ದೆ. ಕಟ್ಟಿದ ಬೀಡಿಯನ್ನು ಒಪ್ಪಿಸುವ ಕಂಪೆನಿಯ ಬ್ರಾಂಚಿನಲ್ಲಿ ಬಿಗಿಯಾದದ್ದನ್ನೂ ಸಡಿಲಾದದ್ದನ್ನೂ ಆರಿಸಿ ಬಿಸಾಡುತ್ತಾರೆ. ಅಕ್ಕನಿಗೆ ಆ ಅವಮಾನ ಆಗಬಾರದೆಂದು ನಾನು ಬಲೆ ಬಿಟ್ಟು ಬಂದು ಅವಳ ಪಕ್ಕದಲ್ಲೇ ಕೂತು, ಒಂದೊಂದನ್ನು ಸೇದಿ ನೋಡಿ ತೀರ್ಪು ಕೊಡುತ್ತಿದ್ದೆ.

"ಇದು ಎಳೆಯಲಿಕ್ಕೆ ಬರುವುದಿಲ್ಲ ಅಕ್ಕ, ಬಿಗಿ ಆಯ್ತು."

"ನಿನ್ನ ಪರೀಕ್ಷೆ ಮುಗಿಯುವಾಗ ಬ್ರಾಂಚಿಗೆ ಕೊಡ್ಲಿಕ್ಕೆ ಬರೀ ನೂಲು ಉಳೀತದೆ ಮಾರಾಯ" ಎಂದು ಅಕ್ಕ ನಗುತ್ತಿದ್ದಳು. ನಗು ಮುಗಿಯುವಾಗ ಕೆಮ್ಮು ಬರುತ್ತಿತ್ತು. ಆಗ ನಾನು, ಗೆರಸೆಯನ್ನು ಸ್ವಲ್ಪ ದೂರ ಇಟ್ಟುಕೋ, ಧೂಳು ಮೂಗಿಗೆ ಹೋಗುತ್ತದೆ ಎಂದು ಬುದ್ಧಿ ಹೇಳುತ್ತಿದ್ದೆ. ಬುದ್ಧಿ ಹೇಳುವಾಗಲೂ ನನ್ನ ಬಾಯಿಯಿಂದ ಹೊಗೆ ಬರುತ್ತಿತ್ತು.

ಹಾಗೆಂದು ನಾನು ಕಾನೂನು ಮೀರುವವನೆಂದು ತಿಳಿಯಬೇಡಿ. ನಮ್ಮ ಕೇರಳದಲ್ಲಿ ನಾಲ್ಕು ಜನ ಸೇರುವಲ್ಲಿ ಸೇದುವ ಹಾಗಿಲ್ಲ. ವಿದ್ಯಾನಗರದ ಸರಕಾರಿ ಆಫೀಸಿಗೆ ಒಂದು ಅರ್ಜಿ ಹಿಡಿದುಕೊಂಡು ಹೋದರೆ ಇಡೀ ದಿನ ಸಾಲಿನಲ್ಲಿ ನಿಲ್ಲಬೇಕಾದೀತು. ಅಲ್ಲಿನ ಬೋರ್ಡಿನ ಮಲಯಾಳ, ಕನ್ನಡ ಶಾಲೆಗೆ ಹೋದ ನನಗೆ ಓದಲು ಬಾರದು. ಆದರೆ ಸಿಗರೇಟಿನ ಚಿತ್ರದ ಮೇಲೆ ಎಳೆದ ಕೆಂಪು ಗೆರೆ ಓದಲು ಶಾಲೆ ಬೇಡ. ಬೆಳಗ್ಗಿನಿಂದ ಸಂಜೆವರೆಗೆ ಕಿಸೆ ಮುಟ್ಟದೆ ನಿಂತದ್ದಿದೆ. ಸರಕಾರದ ಗೋಡೆಗೆ ಕೊಟ್ಟ ಮರ್ಯಾದೆಯನ್ನು ಅಕ್ಕನ ಎದೆಗೆ ಕೊಡಬೇಕೆಂದು ನನಗೆ ಯಾವತ್ತೂ ಹೊಳೆಯಲಿಲ್ಲ. ಅವಳು ಬೋರ್ಡು ಹಾಕಿರಲಿಲ್ಲ.

ಸೇದುವವರನ್ನು ಈಗ ಜನ ನೋಡುವ ರೀತಿ ಬೇರೆ. ಮೊದಲೆಲ್ಲ ಮದುವೆಮನೆಯಲ್ಲಿ ಬೀಡಿ ಸಿಗರೇಟನ್ನು ತಟ್ಟೆಯಲ್ಲಿಟ್ಟು ಕೊಡುತ್ತಿದ್ದರು. ಈಗ ನಾವು ಕಲ್ಯಾಣಮಂಟಪದ ಹಿಂದೆ, ಪಾತ್ರೆ ತೊಳೆಯುವಲ್ಲಿ ಕೂಡಿಕೊಳ್ಳುತ್ತೇವೆ. ಅಲ್ಲಿ ನಮ್ಮದೇ ಒಂದು ಕುಟುಂಬ. ಬೆಂಕಿ ಕೇಳಿದವನ ಜಾತಿಯನ್ನಾಗಲಿ ಭಾಷೆಯನ್ನಾಗಲಿ ಯಾರೂ ವಿಚಾರಿಸುವುದಿಲ್ಲ. ನಮ್ಮನ್ನು ಬೈಯುವವರಲ್ಲಿ ಕೆಲವರಿಗೆ ಹೊಗೆಗಿಂತ ಮೊದಲು ನಮ್ಮ ಮುಖವೇ ಆಗುವುದಿಲ್ಲ ಎಂಬುದೂ ನಿಜ. ಈ ನಿಜವನ್ನು ನಾನು ಬಹಳ ವರ್ಷ ಗುರಾಣಿಯ ಹಾಗೆ ಹಿಡಿದುಕೊಂಡಿದ್ದೆ. ಯಾರೋ ನನಗೆ ಮರ್ಯಾದೆ ಕೊಡಲಿಲ್ಲ ಎಂಬ ಸಿಟ್ಟಿನಲ್ಲಿ ಇರುವವನಿಗೆ, ತಾನು ಯಾರಿಗೆ ಏನು ಮಾಡುತ್ತಿದ್ದೇನೆ ಎಂದು ನೋಡಲು ಪುರುಸೊತ್ತಿರುವುದಿಲ್ಲ.

ಗೆರಸೆ ಅಟ್ಟಕ್ಕೇರಿ ಎರಡು ತಿಂಗಳಾಯಿತು. ಹೆಂಗಸರು ಬರುವುದನ್ನು ನಿಲ್ಲಿಸಿದರು. ಸುಮ್ಮನೆ ಕೂತವಳ ಮುಂದೆ ಕೆಲಸ ಹಿಡಿದು ಕೂರಲು ಅವರಿಗೆ ನಾಚಿಕೆ. ಅಕ್ಕ ಖಾಲಿ ಜಗಲಿಯಲ್ಲಿ ಕೂತು ಸೆರಗಿನ ತುದಿಯನ್ನು ಬೆರಳುಗಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಕೆಮ್ಮು ಹಾಗೇ ಇತ್ತು. ಧೂಳು ಹೋದ ಮೇಲೂ ಕೆಮ್ಮು ಯಾಕೆ ಹೋಗಲಿಲ್ಲ ಎಂದು ಅವಳು ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಸುಲಭವಾಗುತ್ತಿತ್ತು.

ಆ ದಿನಗಳಲ್ಲೇ ನಮಗೆ ಬಸ್ಸು ಸಿಗುವ ಬಂದ್ಯೋಡು ಪೇಟೆಯಲ್ಲಿ, ಅಬ್ಬಾಸಾಕನ ಚಾ ಅಂಗಡಿಯಲ್ಲಿ ದೊಡ್ಡ ಚರ್ಚೆ ಎದ್ದಿತು. ಅಂಗಡಿಯ ಹಿಂದೆ ನಿಂತು ಸೇದುವವರನ್ನೂ ಓಡಿಸಬೇಕು, ಪಕ್ಕದಲ್ಲೇ ಮಕ್ಕಳು ಬಸ್ಸಿಗೆ ಕಾಯುತ್ತಾರೆ ಎಂದರು ಶಾಲೆಯ ಮಾಸ್ಟ್ರು.

"ಸೇದುವವನು ತನ್ನ ಎದೆ ಹಾಳು ಮಾಡಿಕೊಳ್ಳಲಿ. ಹತ್ತಿರ ನಿಂತವನದ್ದು ಯಾಕೆ?" ಎಂದೂ ಕೇಳಿದರು.

ನಾನು ಚಾ ಗ್ಲಾಸು ಕೆಳಗಿಟ್ಟು ಎದ್ದೆ. "ಹೈವೇಯಲ್ಲಿ ಲಾರಿ ಬಿಡುವ ಹೊಗೆಗೆ ಎಂತ ಹೇಳ್ತೀರಿ ಮಾಸ್ಟ್ರೇ? ಅದಕ್ಕೆ ಬೋರ್ಡು ಉಂಟಾ? ಬಡವನ ಬೀಡಿ ಮಾತ್ರ ಕಾಣುವುದಾ ನಿಮಗೆ?"

ಎರಡು ಮೂರು ಮಂದಿ ತಲೆಯಾಡಿಸಿದರು. ನನಗೆ ಹುರುಪು ಬಂತು. ಇನ್ನೂ ಹೇಳುವವನಿದ್ದೆ. ಅಷ್ಟರಲ್ಲಿ ಚಾ ಸೋಸುತ್ತಿದ್ದ ಅಬ್ಬಾಸಾಕ ತಲೆ ಎತ್ತದೆ ಕೇಳಿದ:

"ಅಲ್ಲ ಚಂದ್ರ, ನಿನ್ನ ಅಕ್ಕ ಎಂತ, ಲಾರಿಯ ಹಿಂದೆ ಕೂತು ಬೀಡಿ ಕಟ್ತಿದ್ದದ್ದಾ?"

ಯಾರೂ ನಗಲಿಲ್ಲ. ನಕ್ಕಿದ್ದರೆ ನಾನೂ ನಕ್ಕು ತಪ್ಪಿಸಿಕೊಳ್ಳುತ್ತಿದ್ದೆ. ಅರ್ಧ ಚಾ ಬಿಟ್ಟು ಮನೆಗೆ ನಡೆದೆ. ಮರುದಿನವೇ ಡಾಕ್ಟರ ಬಳಿಗೆ ಹೋಗೋಣ ಎಂದು ಅಕ್ಕನಿಗೆ ಹೇಳಿದೆ.

"ಎಂತಕ್ಕೆ? ಮದ್ದು ಇನ್ನೂ ಉಂಟಲ್ಲ."

"ಮದ್ದಿಗಲ್ಲ, ನನಗೆ ಹೇಳಲಿಕ್ಕುಂಟು" ಎಂದೆ.

ಈ ಸಲ ಗೋಡೆಯ ಚಿತ್ರ ನೋಡಲಿಲ್ಲ. ಡಾಕ್ಟರು ಕೇಳುವ ಮೊದಲೇ ಹೇಳಿದೆ: ಮನೆಯಲ್ಲಿ ಸೇದುವವನು ನಾನು, ಇಪ್ಪತ್ತು ವರ್ಷದಿಂದ, ಇವಳ ಪಕ್ಕದಲ್ಲೇ ಕೂತು. ಅವರು ಬೈದರೆ ತಾಳಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಅವರು ಬೈಯಲಿಲ್ಲ. ಧೂಳೂ ಒಳ್ಳೆಯದಲ್ಲ, ಅದು ನಿಂತದ್ದು ಸರಿ, ಆದರೆ ಹೊಗೆ ಮನೆಯೊಳಗೇ ಇದ್ದರೆ ಮದ್ದು ಏನು ಮಾಡೀತು ಎಂದರು. ಬಿಡಲು ಮನಸ್ಸಿದ್ದರೆ ಅದಕ್ಕೂ ಸಹಾಯ ಇದೆ ಎಂದು ನನ್ನ ಹೆಸರನ್ನೂ ಬರೆದುಕೊಂಡರು.

ಬೀಡಿ ಬಿಟ್ಟೇ ಬಿಟ್ಟೆ ಎಂದು ಇಲ್ಲಿ ಬರೆದರೆ ಅದು ಇನ್ನೊಂದು ಸುಳ್ಳಾದೀತು. ಬಿಡುತ್ತಿದ್ದೇನೆ. ಕೆಲವು ದಿನ ಸೋಲುತ್ತೇನೆ, ಆಗ ಹೊಳೆಯ ದಂಡೆಗೆ ಹೋಗಿ ಒಬ್ಬನೇ ಸೋಲುತ್ತೇನೆ. ಜಗಲಿಯಲ್ಲಿ ಇನ್ನು ಕಡ್ಡಿ ಗೀರುವುದಿಲ್ಲ. ಇದು ನಾನು ನನಗೇ ಹಾಕಿಕೊಂಡ ಬೋರ್ಡು.

ಆ ದಿನ ಡಾಕ್ಟರಲ್ಲಿಂದ ಬಂದು ಬಂದ್ಯೋಡಿನಲ್ಲಿ ಬಸ್ಸಿಳಿದು ನಡೆಯುವಾಗ ಅಕ್ಕ, "ಅಷ್ಟೆಲ್ಲ ಹೇಳಬೇಕಿತ್ತಾ? ನಾನು ಒಮ್ಮೆ ಇಲ್ಲ ಅಂತ ಹೇಳಿ ಆಗಿತ್ತಲ್ಲ. ಈಗ ಡಾಕ್ಟ್ರು ನನ್ನನ್ನು ಎಂತ ಗ್ರಹಿಸಿಯಾರು?" ಎಂದಳು.

ನಾನು ನಿಂತೆ. ಅವಳೂ ನಿಂತಳು. ಅವಳ ಮುಖ ನೋಡಿಯೇ ಹೇಳಿದೆ:

"ನನ್ನ ಹೊಗೆಯ ದೋಷವನ್ನು ನಿನ್ನ ಕೆಲಸದ ಮೇಲೆ ಹಾಕಿದೆ. ನನಗೋಸ್ಕರ ನೀನು ಸುಳ್ಳು ಹೇಳುವಾಗ ಬಾಯಿ ಮುಚ್ಚಿ ನಿಂತೆ. ತಪ್ಪಾಯ್ತು ಅಕ್ಕ."