ಬಜೆ ವಾಸನೆಯ ಪುಸ್ತಕ

ಅಜ್ಜನ ಪುಸ್ತಕಗಳನ್ನು ಗೆದ್ದಲು ತಿನ್ನಲಿಲ್ಲ. ದೊಡ್ಡಪ್ಪ ಮಾರಿದ. ನಮ್ಮ ಮನೆತನದವರು ಇವತ್ತಿಗೂ ಗೆದ್ದಲಿನ ಕಥೆಯನ್ನೇ ಹೇಳುತ್ತಾರೆ. ಹೇಳುವವರಲ್ಲಿ ಒಬ್ಬರೂ ಆ ದಸರೆಯಲ್ಲಿ ಇರಲಿಲ್ಲ. ನಾನಿದ್ದೆ. ಮೊನ್ನೆ ಮರಿಮಗುವಿಗೆ ಬಜೆ ತೇಯುತ್ತಿದ್ದಾಗ ಆ ಖಾರದ ವಾಸನೆ ಮೂಗಿಗೆ ಬಡಿಯಿತು. ಪುಣೆಯ ಕಸಬಾ ಪೇಠೆಯಲ್ಲಿ ಹಲವು ಸಂಸಾರಗಳಿದ್ದ ನಮ್ಮ ವಾಡೆ, ಅಂಗಳದ ನೀರಿನ ತೊಟ್ಟಿ, ಹಗಲಲ್ಲೂ ಕತ್ತಲಾಗಿರುತ್ತಿದ್ದ ಪಡಸಾಲೆ, ಅಲ್ಲಿ ಕಂಬಕ್ಕೊರಗಿ ಕೂತ ಅಜ್ಜ, ಎಲ್ಲ ಎದ್ದು ಬಂದವು. ಆ ವಾಡೆ ಈಗಿಲ್ಲ. ಇಲ್ಲವೆಂದು ಅಳುವವಳಲ್ಲ ನಾನು. ಆದರೆ ನಿಜವನ್ನು ನನ್ನ ಜೊತೆ ಸುಡುವುದಕ್ಕೂ ಬಿಡುವುದಿಲ್ಲ.

ಅಜ್ಜ ಧಾರವಾಡದ ಕಡೆಯವನು, ಲಷ್ಕರಿನ ಕಚೇರಿಯೊಂದರಲ್ಲಿ ಕಾರಕೂನ. ವಿಲಾಯತಿಗೆ ಹೊರಟ ಸಾಹೇಬರ ಬಂಗಲೆಗಳಲ್ಲಿ ಸಾಮಾನಿನ ಲಿಲಾವು ಆಗುತ್ತಿತ್ತು. ಉಳಿದವರು ಕುರ್ಚಿಗೆ, ಗಡಿಯಾರಕ್ಕೆ, ಪಿಂಗಾಣಿಗೆ ಬೆಲೆ ಕೂಗುವಾಗ ಅಜ್ಜ ಹಿಂದಿನ ವರಾಂಡದಲ್ಲಿ ಬಿಸಾಕಿದ ಪುಸ್ತಕದ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದ. ರವಿವಾರ ಜುನಾ ಬಜಾರಿನ ಹಳೆ ಸಾಮಾನಿನ ಸಂತೆಗೆ ನನ್ನನ್ನೂ ಕರೆದೊಯ್ಯುತ್ತಿದ್ದ. ತುಕ್ಕು ಹಿಡಿದ ಕೀಲಿಗಳ, ಒಂಟಿ ಬೂಟುಗಳ ನಡುವೆ ಪುಸ್ತಕವೊಂದು ಸಿಕ್ಕರೆ ತೆರೆಯುವ ಮೊದಲೇ ಮೂಗಿಗೆ ಹಿಡಿಯುತ್ತಿದ್ದ. “ಮದ್ಲ ಮೂಸಿ ನೋಡವಾ. ಮಳಿ ನೀರು ಕುಡದಿದ್ರ ಅಲ್ಲೇ ಇಟ್ಟು ಬಾ.” ತಂದದ್ದನ್ನು ಬಿಸಿಲಿಗೆ ಹರವಿ, ಹುಳು ಬಾರದಂತೆ ಬಜೆಯ ತುಂಡು ಇಟ್ಟು ಕೆಂಪು ವಸ್ತ್ರದಲ್ಲಿ ಗಂಟು ಕಟ್ಟುತ್ತಿದ್ದ.

ನಾನು ಶಾಲೆಯಲ್ಲಿ ಕಲಿತದ್ದು ಎರಡು ಇಯತ್ತೆ, ಅದೂ ಮರಾಠಿ. ಕನ್ನಡ ಕಲಿತದ್ದು ಅಜ್ಜನ ಪಕ್ಕ ಕೂತು, ದನಗಳ ಔಷಧಿಯ ಒಂದು ಕಲ್ಲಚ್ಚಿನ ಪುಸ್ತಕದಲ್ಲಿ. ಧಾರವಾಡದಲ್ಲಿ ನೌಕರಿ ಮಾಡಿ ಬಂದಿದ್ದ ಸಾಹೇಬನ ಲಿಲಾವಿನಲ್ಲಿ ಸಿಕ್ಕಿದ್ದು ಅದು. ಅ ಆ ಇ ಈ ಮುಗಿಸಿ ನೇರ ಕಾಲುಬಾಯಿ ಬೇನೆಗೆ ಹೋದವಳು ನಾನು. “ಈ ಪುಸ್ತಕ ಈಕೀದು,” ಎಂದು ಅಜ್ಜ ಎಲ್ಲರೆದುರು ಹೇಳಿದ್ದ. ನನ್ನಪ್ಪ ನಾನು ಕೂಸಿದ್ದಾಗಲೇ ತೀರಿದ್ದ. ಅವ್ವನಿಗೂ ನನಗೂ ಆ ಮನೆಯಲ್ಲಿ ಇದ್ದವನು ಅಜ್ಜನೊಬ್ಬನೇ. ಅವನು ಹೋದ ಮೇಲೆ ದಪ್ಪ ಮೀಸೆಯ ದೊಡ್ಡಪ್ಪ ಯಜಮಾನನಾದ. ನನ್ನ ಶಾಲೆ ಬಿಡಿಸಿದ, ಗಂಟನ್ನು ಅಟ್ಟಕ್ಕೇರಿಸಿದ. “ಹುಡುಗಿ ಓದಿ ಯಾರನ್ನ ಉದ್ಧಾರ ಮಾಡೂದದ? ರೊಟ್ಟಿ ಬಡೀಲಿ.”

ದಸರೆ ಹತ್ತಿರ ಬಂದಾಗ ಅವ್ವ ತನ್ನ ತವರಿನ ತಾಮ್ರದ ತಂಬಿಗೆ ಕೊಟ್ಟು ಅಡಿಗೆಗೆ ಹಳೆಯದೊಂದು ತಪ್ಪೇಲಿ ತರಲು ಜುನಾ ಬಜಾರಿಗೆ ಹೊರಟಳು. ನಾನೂ ಬೆನ್ನು ಹತ್ತಿದೆ. ಗುಜರಿಯವನೊಬ್ಬನ ಗೋಣಿತಟ್ಟು ದಾಟುವಾಗ ಬಜೆಯ ವಾಸನೆ ಬಂತು. ತಿರುಗಿ ನೋಡಿದರೆ ನನ್ನ ಪುಸ್ತಕ. ಮೊದಲ ಪುಟದಲ್ಲಿ ಅಜ್ಜ ಪ್ರತಿ ದಸರೆಗೆ ಇಡುತ್ತಿದ್ದ ಕುಂಕುಮ. ಅಜ್ಜನ ಉಳಿದ ಪುಸ್ತಕಗಳನ್ನು ಪಕ್ಕದಲ್ಲಿ ಶೇಂಗಾ ಮಾರುವವಳು ಪೊಟ್ಟಣ ಕಟ್ಟಲು ಹರಿಯುತ್ತಿದ್ದಳು.

“ಇದನ್ನು ಓದುವವರು ಈ ಊರಲ್ಲಿ ಯಾರಿದ್ದಾರೆ ತಾಯಿ?” ಗುಜರಿಯವನು ಮರಾಠಿಯಲ್ಲಿ ಕೇಳಿ ನಕ್ಕ. “ಕಸಬಾದ ದಪ್ಪ ಮೀಸೆಯ ರಾಯರು ತಂದು ಸುರಿದು ಹೋದರು.”

ಅವ್ವ ತಂಬಿಗೆಯನ್ನು ಅವನ ಮುಂದೆ ಕುಕ್ಕಿ ಪುಸ್ತಕವನ್ನು ಎತ್ತಿಕೊಂಡಳು.

“ಅವ್ವಾ, ತಪ್ಪೇಲಿ?”

“ತಪ್ಪೇಲಿ ಓದ್ತೀ ಏನು? ನಡಿ ಮನಿಗೆ.”

ನವಮಿಗೆ ಧಾರವಾಡದಿಂದ ಅಜ್ಜನ ತಮ್ಮ ಬಂದ; ನಾವು ಸಣ್ಣಜ್ಜ ಅನ್ನುತ್ತಿದ್ದೆವು. ದೇವರ ಮುಂದೆ ಕೆಂಪು ಗಂಟು ಪ್ರತಿ ವರ್ಷದ ಹಾಗೆ ಕೂತಿತ್ತು. ದೀಪಕ್ಕೆ ಬತ್ತಿ ಹಾಕುವಾಗ ನಾನು ಅದನ್ನು ಒತ್ತಿ ನೋಡಿದೆ. ಹಲಗೆಗಳು. ಸಣ್ಣಜ್ಜನ ಕಣ್ಣಿಗೆಂದು ದೊಡ್ಡಪ್ಪ ಮುರಿದ ಮಂಚದ ಹಲಗೆ ಕಟ್ಟಿಟ್ಟಿದ್ದ. ನವಮಿಯಂದು ಪೂಜೆಗಿಟ್ಟ ಪುಸ್ತಕವನ್ನು ದಶಮಿ ಬೆಳಗಿನ ತನಕ ಯಾರೂ ಕದಲಿಸುವುದಿಲ್ಲ, ಗಂಟು ಬಿಚ್ಚುವುದಿಲ್ಲ. ಅದನ್ನೇ ಅವನು ನಂಬಿದ್ದ. ದಶಮಿ ಬೆಳಿಗ್ಗೆ ಗಂಟು ಬಿಚ್ಚಿ ನಾಲ್ಕು ಸಾಲು ಓದುವುದು ಶಾಸ್ತ್ರ, ಆದರೆ ಅಷ್ಟರೊಳಗೆ ಸಣ್ಣಜ್ಜ ಊರಿಗೆ ಹೊರಡುವವನಿದ್ದ. ಮಂಗಳಾರತಿ ಎತ್ತುವ ಹೊತ್ತಿಗೆ ನಾನು ಸೆರಗಿನೊಳಗಿಂದ ನನ್ನ ಪುಸ್ತಕ ತೆಗೆದು ಗಂಟಿನ ಮೇಲಿಟ್ಟೆ.

ದೊಡ್ಡಪ್ಪನ ಕೈ ಮುಂದೆ ಬಂತು.

“ಮುಟ್ಟಬ್ಯಾಡೋ!” ಸಣ್ಣಜ್ಜ ಗದರಿದ. “ಪೂಜಿಗಿಟ್ಟದ್ದು ಅದು. ಇದು ಅಣ್ಣನ ಪುಸ್ತಕ ಅಲ್ಲೇನು? ಹಂಗಾರ ನಾನೂ ನಾಳೆ ಓದೂದು ಕೇಳೇ ಹೋಗ್ತೀನಿ.”

ಊಟಕ್ಕೆ ಬಡಿಸುವಾಗ ದೊಡ್ಡಪ್ಪ ಅವ್ವನಿಗೆ ಮೆಲ್ಲಗೆ ಹೇಳಿದ: “ನಾಳೆ ನಿನ್ನ ಮಗಳು ಬಾಯಿ ತಗದ್ಲಂದ್ರ, ಇಬ್ರೂ ಈ ಮನಿ ಹೊರಗ.”

ಅವ್ವ ಅವನ ಎಲೆಗೆ ಸಾರು ಹಾಕಿದಳು. “ಆಕಿ ಬಾಯಿ ಆಕೀದು, ಭಾವಾರ.”

ಅವಳ ಆ ಧ್ವನಿ ನನ್ನ ಕಿವಿಯಲ್ಲಿ ಈಗಲೂ ಇದೆ. ಅಜ್ಜ ಒಂದೊಂದಾಗಿ ಮೂಸಿ ಆರಿಸಿ ತಂದ ಪುಸ್ತಕಗಳು ಶೇಂಗಾ ಕಟ್ಟಿಕೊಂಡು ಪುಣೆಯ ಓಣಿ ಓಣಿಗೆ ಹೋದವು. ತಿಂದವರು ಕಾಗದ ಮುದುರಿ ಎಸೆದರು. ಅವ್ವ ಹೋದಳು, ಮೀಸೆಯೂ ಹೋಯಿತು, ವಾಡೆಯೂ ಹೋಯಿತು. ನನ್ನ ಪುಸ್ತಕ ನನ್ನ ಪೆಟ್ಟಿಗೆಯಲ್ಲಿದೆ.

ಆ ದಶಮಿಯ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಪಡಸಾಲೆಗೆ ಬಂದೆ. ಸಣ್ಣಜ್ಜ ಗಂಟು ಬಿಚ್ಚಿದ; ಹಲಗೆಗಳು ನೆಲಕ್ಕೆ ಬಿದ್ದವು. “ಗೆದ್ದಲ ತಿಂದ್ವು, ಕಾಕಾ,” ಅಂದ ದೊಡ್ಡಪ್ಪ. ಬಜೆಯ ವಾಸನೆ ಇನ್ನೂ ಆ ವಸ್ತ್ರದಲ್ಲಿತ್ತು. ನಾನು ಹೊಸ್ತಿಲ ಮೇಲೆ ಕೂತು, ತೊಟ್ಟಿಯಲ್ಲಿ ನೀರು ತುಂಬುತ್ತಿದ್ದ ಹೆಂಗಸರಿಗೂ ಕೇಳುವ ಹಾಗೆ ಗಂಟಲೆತ್ತಿ ಓದಿದೆ: “ಎತ್ತಿನ ಹೊಟ್ಟೆ ಉಬ್ಬಿದರೆ ಮೊದಲು ಅದನ್ನು ಮಲಗಗೊಡಬಾರದು.” ನಾಲ್ಕು ಸಾಲು ಓದಿದರೆ ಶಾಸ್ತ್ರ ಮುಗಿಯುತ್ತದೆ. ನಾನು ಪುಟ ತಿರುವಿದೆ.