ಭಾವನ ಮಹಡಿ, ನನ್ನ ಲೈಸೆನ್ಸು

ನನ್ನ ಹೆಂಡತಿಯ ಅಣ್ಣ ಮೊನ್ನೆಮೊನ್ನೆಯವರೆಗೆ ನನ್ನ ಹತ್ತಿರ ಮಾತು ಬಿಟ್ಟಿದ್ದರು. ಆಸ್ತಿ ಜಗಳವಲ್ಲ, ಮದುವೆಮನೆಯ ಮುನಿಸೂ ಅಲ್ಲ. ಕಾರಣ ನಮ್ಮ ಜಗುಲಿಯ ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ತೂಗುತ್ತಿದೆ. ನನ್ನ ಎಂಜಿನಿಯರ್ ಲೈಸೆನ್ಸು!

ಇದನ್ನು ಈಗ ಯಾಕೆ ಬರೆಯುತ್ತಿದ್ದೇನೆ? ಆನಂದಪುರದಲ್ಲಿ ಇದ್ದಿಲ ಹೊಗೆಯಿಂದ ಓಡುವ ಬಸ್ಸು ಕೆಟ್ಟು ನಿಂತಾಗ (ಅದು ಕೆಡದ ದಿನ ಯಾವುದು?) ಹೊಸನಗರದ ಓವರ್‌ಸಿಯರ್ ಒಬ್ಬರು ಸಿಕ್ಕಿದರು.

"ನಾನೂ ನಿಮ್ಮ ಹಾಗೆ ಸರ್ಕಾರಿ ಕೆಲಸ ಬಿಟ್ಟು, ಜನಕ್ಕೆ ಸಲಹೆ ಕೊಡೋ ಕೆಲಸಕ್ಕೆ ಇಳಿಯೋಣ ಅಂತಿದೀನಿ. ಲೈಸೆನ್ಸ್ ತಗೊಂಡ್ರೆ ಉಪಯೋಗ ಇದ್ಯಾ ಸಾರ್?"

ಅಷ್ಟರಲ್ಲಿ ಬಸ್ಸು ಹೊರಟಿತು. ಉತ್ತರ ಇಲ್ಲಿ ಕೊಡುತ್ತಿದ್ದೇನೆ.

ಲೈಸೆನ್ಸು ಬಂದ ಮೇಲೆ ನನ್ನ ಜಗುಲಿಗೆ ಜನ ಬಂದರು. ಸುಳ್ಳು ಹೇಳುವುದಿಲ್ಲ. ಆದರೆ ಸಲಹೆ ಕೇಳಲು ಒಬ್ಬರೂ ಬರಲಿಲ್ಲ. ಲೈಸೆನ್ಸ್ ಇದ್ದವರ ರುಜು ಇಲ್ಲದ ನಕ್ಷೆಯನ್ನು ಮುನಿಸಿಪಾಲಿಟಿ ಒಪ್ಪುವುದಿಲ್ಲ, ಅಷ್ಟಕ್ಕೇ ಬಂದರು. ನಮ್ಮ ಕಡೆ ಮನೆ ಕಟ್ಟುವ ಕ್ರಮ ನಿಮಗೇ ಗೊತ್ತು. ಮೊದಲು ಜೋಯಿಸರು ಆಯ ನೋಡಿ ಮುಹೂರ್ತ ಇಡಬೇಕು. ಆಮೇಲೆ ಮರ ಕೊಯ್ಯಿಸುವುದು, ನೆಂಟರಿಗೆ ಹೇಳಿಕೆ ಹೋಗುವುದು. ಎಲ್ಲ ಮುಗಿದ ಮೇಲೆ ಎಂಜಿನಿಯರನ ನೆನಪಾಗುತ್ತದೆ.

ಭಾವನೂ ಹಾಗೇ ಬಂದರು. ಅವರದು ಸಾಗರ ಪೇಟೆಯಲ್ಲಿ ಕಾಫಿ ಹೋಟೆಲು. ಜೋಗದ ಕರೆಂಟಿನ ಕೆಲಸ ಶುರುವಾದಾಗಿನಿಂದ ಊರಿಗೆ ಬಂದವರಿಗೆಲ್ಲ ಉಳಿಯಲು ಕೋಣೆ ಬೇಕು. ಹೋಟೆಲಿನ ಮೇಲೊಂದು ಮಹಡಿ ಎಬ್ಬಿಸುವುದೆಂದು ತೀರ್ಮಾನಿಸಿ, ಮುಹೂರ್ತವನ್ನೂ ಇಡಿಸಿ, ನಕ್ಷೆ ಹಿಡಿದುಕೊಂಡು ಬಂದಿದ್ದರು.

"ಒಂದು ರುಜು ಹಾಕಿ ಭಾವ. ಮನೆಯವರೇ ಇರುವಾಗ ಹೊರಗೆ ಎಂತಕ್ಕೆ ಹೋಗೋದು?"

"ಗೋಡೆ ನೋಡಿ ಹಾಕ್ತೀನಿ" ಎಂದೆ. ಅವರ ಮುಖ ಆಗಲೇ ಸಣ್ಣಗಾಯಿತು.

ಹೋಗಿ ನೋಡಿದೆ. ಅಡಿಗೆಮನೆಯ ಹಿಂದಿನದು ಮಣ್ಣಿನ ಗೋಡೆ. ಅದರ ಬುಡಕ್ಕೆ ಪಾತ್ರೆ ತೊಳೆದ ನೀರು ವರ್ಷಗಟ್ಟಲೆ ಹರಿದಿದೆ. ಬೀಗದ ಕೈಯಿಂದ ಕೆದಕಿದರೆ ಹಸಿ ಮಣ್ಣು ಉದುರಿತು. ಇದರ ಮೇಲೆ ಮಹಡಿಯೇ? ಒಳಗೆ ಅದೇ ಗೋಡೆಗೆ ಬೆನ್ನು ಹಾಕಿ ಭಾವನ ಹೆಂಡತಿ ದೋಸೆ ಹುಯ್ಯುತ್ತಿದ್ದರು. ನನಗೆ ನಿಜವಾಗಿ ಹೆದರಿಕೆಯಾಯಿತು.

"ಈ ಗೋಡೆ ತೆಗೆಸಿ, ಕಲ್ಲಿಂದು ಕಟ್ಟಿಸಿ. ಅಲ್ಲೀವರೆಗೆ ರುಜು ಆಗೋದಿಲ್ಲ ಭಾವ."

"ನಮ್ಮಜ್ಜ ಕಟ್ಟಿದ ಗೋಡೆ ಮಾರಾಯ್ರೆ! ನಿಮ್ಮ ಲೈಸೆನ್ಸಿಗೆ ಎಷ್ಟು ವಯಸ್ಸಾಯ್ತು?"

(ಲೈಸೆನ್ಸಿನ ಚೌಕಟ್ಟಿಗೆ ಬಳಿದ ವಾರ್ನಿಷಿನ ವಾಸನೆ ಇನ್ನೂ ಹೋಗಿರಲಿಲ್ಲ.) ಅಂದಿನಿಂದ ಮಾತು ನಿಂತಿತು.

"ನಂಗಿರೋದು ಒಬ್ಬನೇ ಅಣ್ಣ. ಒಂದು ರುಜು ಹಾಕಿದ್ರೆ ನಿಮ್ಮ ಕೈ ಸವೀತಿತ್ತಾ?" ಎಂದಳು ಹೆಂಡತಿ.

"ಆ ಗೋಡೆ ಬುಡದಲ್ಲಿ ಕೂರೋದು ನಿನ್ನ ಅತ್ತಿಗೆ" ಎಂದೆ. ಮರುದಿನ ಅವಳು ಅಣ್ಣನ ಮನೆಗೆ ಹೋಗಿಬಂದಳು. ಅಲ್ಲೇನು ಹೇಳಿದಳೋ, ನಾನು ಕೇಳಲಿಲ್ಲ.

ಅಷ್ಟರಲ್ಲಿ ಭಾವ ಶಿವಮೊಗ್ಗಕ್ಕೆ ಹೋಗಿ ಬೇರೊಬ್ಬರಿಂದ ರುಜು ಹಾಕಿಸಿಕೊಂಡು ಬಂದಿದ್ದರು. ಆ ಮಹಾನುಭಾವರಿಗೂ ಲೈಸೆನ್ಸ್ ಇತ್ತು. ಅವರು ಸಾಗರಕ್ಕೆ ಬರಲೂ ಇಲ್ಲ, ಗೋಡೆ ನೋಡಲೂ ಇಲ್ಲ. ಮುನಿಸಿಪಾಲಿಟಿ ನಕ್ಷೆಯನ್ನು ಒಪ್ಪಿಯೇಬಿಟ್ಟಿತು. ಸಂಬಂಧವೂ ಹೋಯಿತು, ಗೋಡೆಯೂ ಹಾಗೇ ಉಳಿಯಿತು ಎಂದು ಕೈಚೆಲ್ಲಿ ಕೂತೆ.

ಮುಹೂರ್ತದ ದಿನ ಬೆಳಿಗ್ಗೆ ನೋಡಿದರೆ ಭಾವ ನಮ್ಮ ಜಗುಲಿಯಲ್ಲಿ ಕೂತಿದ್ದಾರೆ!

"ರುಜು ಸಿಕ್ತು ಭಾವ, ಧೈರ್ಯ ಸಿಕ್ಲಿಲ್ಲ. ಅವರಿಗೆ ನಾನು ಬರೀ ಗಿರಾಕಿ. ನೀವು ನೆಂಟಸ್ತನ ಕೆಟ್ರೂ ಸರಿ ಅಂತ ಬೇಡ ಅಂದ್ರಿ. ತಂಗಿನೂ ಬಂದು ಅತ್ತಳು. ಆ ಗೋಡೆಗೆ ಎಂತ ಮಾಡೋದು, ಈಗ ಹೇಳಿ."

ಕಾಫಿ ಕುಡಿಯುತ್ತ ಕೂತಿದ್ದಂತೆ ಮುಹೂರ್ತ ದಾಟಿಹೋಯಿತು. ಭಾವ ಮುಹೂರ್ತ ಬಿಟ್ಟಿದ್ದನ್ನು ನಾನು ಕಂಡದ್ದು ಇದೇ ಮೊದಲು. ನನ್ನ ಸಲಹೆ ಕೇಳಿದವರಲ್ಲೂ ಅವರೇ ಮೊದಲಿಗರು. (ಫೀಸೇ? ಭಾವನ ಹತ್ತಿರವೇ?) ಈಗ ಹಿಂದಿನ ಗೋಡೆ ಕೆಡವುತ್ತಿದ್ದಾರೆ. ಅತ್ತಿಗೆಯ ಒಲೆ ಸದ್ಯಕ್ಕೆ ಮುಂಭಾಗಕ್ಕೆ ಬಂದಿದೆ.

ಓವರ್‌ಸಿಯರ್ ಸಾಹೇಬರೇ, ಲೈಸೆನ್ಸು ತೆಗೆದುಕೊಳ್ಳಿ. ಅದಿದ್ದರೆ ಜನ ನಿಮ್ಮ ಜಗುಲಿ ಹತ್ತುತ್ತಾರೆ. ಅವರು ನಿಮ್ಮ ಮಾತು ನಂಬುವುದು ಮಾತ್ರ ನೀವು ಒಮ್ಮೆ 'ಆಗೋದಿಲ್ಲ' ಎಂದ ಮೇಲೆ. ಹಾಗಾಗಿ ಅರ್ಜಿ ಹಾಕುವ ಮುಂಚೆ ಒಂದೇ ಪ್ರಶ್ನೆ.

ನಿಮಗೆ ಭಾವ ಇದ್ದಾರೆಯೇ?