ಹೂವಿನ ಕಾಲ, ತಿಥಿಯ ದಿನ: ಎರಡನ್ನೂ ಹೊಂದಿಸುವ ಜಯಮಾಲಾ

ಅಡಿಲೇಡ್‌ನ ಒಂದು ಮನೆಯ ಹಿತ್ತಿಲು. ಎಳೆ ಬಿಸಿಲು ಈಗಷ್ಟೇ ಬೇಲಿಯ ಮೇಲೆ ಬೀಳುತ್ತಿದೆ. ಸ್ವೆಟರ್ ಮೇಲೆ ಶಾಲು ಹೊದ್ದು, ಯಾರದ್ದೋ ದೊಡ್ಡ ಚಪ್ಪಲಿ ಮೆಟ್ಟಿಕೊಂಡು ಜಯಮಾಲಾ ಕತ್ತೆತ್ತಿ ಮರಗಳನ್ನು ಒಂದೊಂದಾಗಿ ನೋಡುತ್ತಿದ್ದಾರೆ. ಬಿಳಿ ಕಾಕಟೂಗಳಿವೆ, ಏಳು ಬಣ್ಣದ ಗಿಣಿಗಳಿವೆ, ಎಲ್ಲವೂ ಗಂಟಲು ಹರಿದುಹೋಗುವಂತೆ ಕಿರುಚುತ್ತಿವೆ. ಅವರಿಗೆ ಬೇಕಾದದ್ದು ಮಾತ್ರ ಕಾಣುತ್ತಿಲ್ಲ.

"ಜನ ಕ್ಯಾಮೆರಾ ಹಿಡ್ಕೊಂಡು ಹುಡುಕೋ ಪಕ್ಷಿಗಳೆಲ್ಲಾ ಇಲ್ಲೇ ಇವೆ ನೋಡಿ. ನಂಗೆ ಒಂದೇ ಒಂದು ಕಾಗೆ ಸಾಕಿತ್ತು" ಎನ್ನುತ್ತಾರೆ.

ಐವತ್ತರ ಆಸುಪಾಸಿನ ಜಯಮಾಲಾ ಇರುವುದು ಪರ್ತ್‌ನ ಕ್ಯಾನಿಂಗ್ಟನ್‌ನಲ್ಲಿ. ಮಕ್ಕಳ ಮನೆಗೆ ಬಂದಿರುವ ಕನ್ನಡದ ಅಪ್ಪ ಅಮ್ಮಂದಿರಿಗೆ ಆಸ್ಟ್ರೇಲಿಯಾದ ಹಬ್ಬ, ಮೇಳ, ಹೂವಿನ ಕಾಲಗಳನ್ನು ನೋಡಿಕೊಂಡು ಪ್ರವಾಸ ಹೊಂದಿಸುವುದು, ಜೊತೆಗೆ ಹೋಗಿ ಜೋಪಾನವಾಗಿ ಕರೆತರುವುದು ಅವರ ಕಸುಬು. ಈ ಕಸುಬಿನಲ್ಲಿ ಕಾಗೆ ಹುಡುಕುವ ಪ್ರಸಂಗ ಇದೇ ಮೊದಲು. ಒಳಗೆ ಅಡುಗೆಮನೆಯಲ್ಲಿ ಮೈಸೂರಿನ ಕಮಲಾ ಮಡಿಯಲ್ಲಿ ಒಲೆ ಹಚ್ಚಿದ್ದಾರೆ. ಅವರ ಪತಿ, ನಿವೃತ್ತ ಬ್ಯಾಂಕ್ ಅಧಿಕಾರಿ ಚಂದ್ರಮೌಳಿ, ಇವತ್ತು ತಮ್ಮ ತಂದೆಯ ಪಕ್ಷ ಮಾಡಲಿದ್ದಾರೆ. ಕಾಗೆ ಅನ್ನ ಮುಟ್ಟದಿದ್ದರೆ ಪ್ರವಾಸ ಇಲ್ಲಿಗೇ ನಿಂತಿತು ಎಂದು ಅವರು ರಾತ್ರಿಯೇ ಖಂಡಿತವಾಗಿ ಹೇಳಿಬಿಟ್ಟಿದ್ದಾರೆ.

ಪ್ರವಾಸ ನಿಂತರೆ ಹೆಚ್ಚು ನಷ್ಟ ಕಮಲಾ ಅವರಿಗೆ. ಪರ್ತ್‌ನ ಬೆಂಟ್ಲಿಯಲ್ಲಿರುವ ಮಗಳು ಅನನ್ಯಾಳ ಬಾಣಂತನಕ್ಕೆಂದು ಬಂದ ಅವರು ಐದು ತಿಂಗಳು ಕಂಡದ್ದು ತೊಟ್ಟಿಲು, ಒಲೆ, ಬಟ್ಟೆ ಒಗೆಯುವ ಯಂತ್ರ. ಪರ್ತ್‌ನ ಉತ್ತರಕ್ಕೆ ಯಾರೂ ಬಿತ್ತದ, ಯಾರೂ ನೀರು ಹಾಕದ ಹೂವು ಬಯಲು ತುಂಬ ಅರಳುತ್ತದೆ ಎಂದು ಕೇಳಿದಂದಿನಿಂದ ಅವರಿಗೆ ಅದೊಂದೇ ಆಸೆ. ಇನ್ನೊಂದು ವಾರ ಕಳೆದರೆ ಹೂವು ಒಣಗುತ್ತದೆ. ಅದರ ಹಿಂದೆಯೇ ಇವರು ಮೈಸೂರಿಗೆ ಹೊರಡಬೇಕು.

ಜಯಮಾಲಾ ಈ ಕೆಲಸಕ್ಕೆ ಬಿದ್ದದ್ದು ತಮ್ಮ ತಾಯಿಯಿಂದ. ಪತಿ ಪ್ರಶಾಂತ ಅವರ ಎಂಜಿನಿಯರ್ ಕೆಲಸದ ಬೆನ್ನು ಹಿಡಿದು ಪರ್ತ್‌ಗೆ ಬಂದ ಹೊಸತರಲ್ಲಿ ತಾಯಿಯನ್ನು ಕರೆಸಿಕೊಂಡಿದ್ದರು. ಬಂದದ್ದು ಆಷಾಢದಲ್ಲಿ, ಅಂದರೆ ಇಲ್ಲಿಯ ಕೊರೆಯುವ ಚಳಿಗಾಲದಲ್ಲಿ. ಮೂರು ತಿಂಗಳು ಹೀಟರ್ ಪಕ್ಕ ಕೂತು, ವಸಂತ ಬಾಗಿಲಿಗೆ ಬರುವ ಹೊತ್ತಿಗೆ ಸರಿಯಾಗಿ ಆಕೆ ವಿಮಾನ ಹತ್ತಿದರು.

"ಊರಿಗೆ ಹೋಗಿ ಎಲ್ಲರ ಹತ್ರಾನೂ ಏನಂದ್ರು ಗೊತ್ತಾ? ಆ ದೇಶದಲ್ಲಿ ಹೂವೇ ಬಿಡಲ್ಲ, ಪಾಪ, ದೇವರಿಗೆ ಏನಿಡ್ತಾರೋ ಅಂತ!" ಜಯಮಾಲಾ ನಗುತ್ತಾರೆ. "ಬರೋವ್ರು ಮೊಮ್ಮಕ್ಕಳು ಹುಟ್ಟಿದಾಗ ಬರ್ತಾರೆ. ಮಕ್ಕಳು ಸೀಸನ್ ನೋಡ್ಕೊಂಡು ಹುಟ್ತವಾ? ಬಂದಾಗ ಏನಿರತ್ತೋ ಅದನ್ನ ಚೆನ್ನಾಗಿ ತೋರಿಸ್ಬೇಕು ಅಷ್ಟೇ."

ಮೊದಲು ಶಾಪಿಂಗ್ ಸೆಂಟರಿನ ಬಟ್ಟೆ ಅಂಗಡಿಯ ಕೆಲಸದ ಜೊತೆಗೆ, ಭಾನುವಾರಗಳಲ್ಲಿ ನಾಲ್ವರು ಹಿರಿಯರನ್ನು ಕಾರಿನಲ್ಲಿ ಕೂರಿಸಿಕೊಂಡು ಸ್ವಾನ್ ವ್ಯಾಲಿಗೆ ಹೋಗಿ ದ್ರಾಕ್ಷಿ ತೋಟ ತೋರಿಸಿ ಬರುತ್ತಿದ್ದರು. ಬಾಯಿಂದ ಬಾಯಿಗೆ ಸುದ್ದಿ ಹರಡಿತು. ವ್ಯಾನ್ ಬಂತು. ಆಮೇಲೆ ಕೊರೊನಾ ಬಂದು ಗಡಿಗಳೆಲ್ಲ ಮುಚ್ಚಿದವು, ಯಾರ ಅಪ್ಪ ಅಮ್ಮನೂ ಬರಲಿಲ್ಲ. ಆ ದಿನಗಳಲ್ಲಿ ಬೆಂಟ್ಲಿಯ ವಿದ್ಯಾರ್ಥಿಗಳ ಬಾಡಿಗೆ ಮನೆಗಳ ಬಚ್ಚಲು ಉಜ್ಜಿ ವ್ಯಾನ್ ಉಳಿಸಿಕೊಂಡರು. ಈಗ ವರ್ಷಕ್ಕೆ ಹತ್ತು ಹನ್ನೆರಡು ಪ್ರವಾಸ. ಒಂದು ಗುಂಪಿನಲ್ಲಿ ಎಂಟು ಜನಕ್ಕಿಂತ ಹೆಚ್ಚು ಸೇರಿಸುವುದಿಲ್ಲ. ಎಂಟು ಜನರ ಮಾತ್ರೆ, ಮಂಡಿನೋವು, ಏಕಾದಶಿ, ಸಂಕಷ್ಟಿ ಎಲ್ಲವೂ ತಲೆಯಲ್ಲಿರಬೇಕಲ್ಲ!

ಅವರ ಲೆಕ್ಕಾಚಾರವೇ ಬೇರೆ. ಬ್ರಿಸ್ಬೇನ್‌ನ ಕೃಷಿ ಮೇಳ ಆಗಸ್ಟ್‌ನಲ್ಲಿ, ಅಲ್ಲಿಯ ನೇರಳೆ ಜಕರಂಡಾ ದೀಪಾವಳಿಯ ಎಡಬಲಕ್ಕೆ. ಅಡಿಲೇಡ್‌ನ ಬೀದಿ ಕಲೆಯ ಹಬ್ಬ ಶಿವರಾತ್ರಿಯಿಂದ ಯುಗಾದಿಯೊಳಗೆ. ಶಾಲೆಗೆ ರಜೆ ಬಂದರೆ ಹೋಟೆಲ್ ಸಿಗುವುದಿಲ್ಲ, ಶ್ರಾವಣ ಬಂದರೆ ಹೆಂಗಸರು ಶುಕ್ರವಾರ ಮನೆ ಬಿಡುವುದಿಲ್ಲ. ಹಣ್ಣಿನ ನೊಣದ ಭಯಕ್ಕೆ ಒಂದು ರಾಜ್ಯದ ಹಣ್ಣನ್ನು ಇನ್ನೊಂದು ರಾಜ್ಯ ಒಳಗೆ ಬಿಡುವುದಿಲ್ಲವಾದ್ದರಿಂದ ವಿಮಾನ ನಿಲ್ದಾಣದ ಬಾಗಿಲಲ್ಲಿ ಜಯಮಾಲಾ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಾರೆ. "ಬಾಳೆಹಣ್ಣು ಹೊಟ್ಟೇಲಿರಲಿ, ಬ್ಯಾಗಲ್ಲಿ ಬೇಡ" ಎಂಬುದು ಅವರ ಖಾಯಂ ಆಜ್ಞೆ.

ಆಗಸ್ಟ್‌ನಲ್ಲಿ ಬ್ರಿಸ್ಬೇನ್ ಮೇಳಕ್ಕೆ ಬಂದಿದ್ದ ಮಂಡ್ಯದ ಸಿದ್ದಲಿಂಗಯ್ಯನವರು ಹೋರಿಗಳ ಕೊಟ್ಟಿಗೆ ಬಿಟ್ಟು ಕದಲಲೇ ಇಲ್ಲವಂತೆ. ಭಾಷೆ ಬಾರದಿದ್ದರೂ ಅಲ್ಲಿಯ ರೈತನೊಬ್ಬನ ಜೊತೆ ಬಾಲ, ಗೊರಸು, ಹಲ್ಲು ತೋರಿಸುತ್ತಲೇ ಮಧ್ಯಾಹ್ನ ಕಳೆದರಂತೆ. "ಪಟಾಕಿ ನೋಡೋಕೆ ಬನ್ನಿ ಅಂಕಲ್ ಅಂದ್ರೆ, ಪಟಾಕಿ ನಮ್ಮೂರಲ್ಲಿಲ್ವೇನವ್ವಾ ಅಂದ್ರು. ಅವರ ಟೂರ್ ಅಲ್ಲೇ ಮುಗೀತು. ಇರ್ಲಿ, ಖುಷಿ ಆಯ್ತಲ್ಲ."

ಇಷ್ಟೆಲ್ಲ ಲೆಕ್ಕ ಬಲ್ಲವರು ಈ ವರ್ಷ ಎಡವಿದ್ದು ಅಧಿಕಮಾಸದಲ್ಲಿ. ಹೋದ ವರ್ಷ ಸೆಪ್ಟೆಂಬರ್ ಮೂರನೇ ವಾರಕ್ಕೆಲ್ಲ ಪಕ್ಷಮಾಸ ಮುಗಿದಿತ್ತು. ಈ ವರ್ಷವೂ ಹಾಗೆಯೇ ಎಂದುಕೊಂಡು ತಿಂಗಳ ಕೊನೆಗೆ ಅಡಿಲೇಡ್, ಅಲ್ಲಿಂದ ಬಂದೊಡನೆ ಹೂವಿನ ಬಯಲು ಎಂದು ಟಿಕೆಟ್ ಮಾಡಿಬಿಟ್ಟರು. ನಡುವೆ ಒಂದು ತಿಂಗಳು ಹೆಚ್ಚಾಗಿ ಬಂದದ್ದರಿಂದ ಹಬ್ಬಗಳೆಲ್ಲ ಮುಂದಕ್ಕೆ ಸರಿದಿವೆ ಎಂಬುದು ತಲೆಗೆ ಹೊಳೆಯಲಿಲ್ಲ. ದುರ್ಭಿಕ್ಷದಲ್ಲಿ ಅಧಿಕಮಾಸ ಎನ್ನುತ್ತಾರೆ. ಇವರ ಪಾಲಿಗೆ ಅದು ಒಳ್ಳೆಯ ಸುಗ್ಗಿಯಲ್ಲೇ ಬಂತು.

ತಪ್ಪು ಹಿಡಿದವರು ಚಂದ್ರಮೌಳಿ. "ಪಕ್ಷ ಶುರುವಾದ ಮೇಲೆ ತಿರುಗಾಟಕ್ಕೆ ಹೊರಡೋದೇನಮ್ಮಾ? ನಮ್ಮಪ್ಪನ ತಿಥಿ ತದಿಗೆ. ಅವತ್ತು ನಾನು ಅಡಿಲೇಡಲ್ಲಿ ಗಾರ್ಡನ್ ನೋಡ್ತಾ ನಿಂತಿರ್ಲಾ?" ಎಂದರು. ಕಮಲಾ ಎದ್ದುಹೋಗಿ ಮಗುವಿನ ಒಣಗಿದ ಬಟ್ಟೆ ಮಡಿಸತೊಡಗಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಅವರ ಬೆನ್ನು ನೋಡಿದರೇ ತಿಳಿಯುತ್ತಿತ್ತು.

"ಆಂಟಿ ಬೈದಿದ್ರೆ ಎಷ್ಟೋ ವಾಸಿ ಇತ್ತು. ಸುಮ್ನಿದ್ದಿದ್ದು ತಡ್ಕೊಳ್ಳೋಕಾಗ್ಲಿಲ್ಲ" ಎನ್ನುತ್ತಾರೆ ಜಯಮಾಲಾ.

ನೇರ ಹೋದದ್ದು ಗುರುದತ್ ಅವರಲ್ಲಿಗೆ. ವಾರವೆಲ್ಲ ಗಣಿ ಕಂಪನಿಯೊಂದರ ಕಂಪ್ಯೂಟರ್ ನೋಡಿಕೊಂಡು, ಶನಿವಾರ ಭಾನುವಾರ ಪೌರೋಹಿತ್ಯ ಮಾಡುವವರು ಅವರು. ಪಕ್ಷವೆಂದರೆ ಹದಿನೈದು ದಿನವೂ ಬಾಗಿಲು ಹಾಕಿಕೊಂಡು ಕೂರಬೇಕೆಂದೇನಿಲ್ಲ, ತಿಥಿಯ ದಿನ ಶ್ರದ್ಧೆಯಿಂದ ಮಾಡಿದರೆ ಸರಿ, ಬಂಧುಗಳ ಮನೆಯಾದರೂ ಆಗುತ್ತದೆ ಎಂದರು. ಅಡಿಲೇಡ್‌ನ ಆಸ್ಪತ್ರೆಯಲ್ಲಿ ಡಾಕ್ಟರಾಗಿರುವ ರಂಜನಿ, ಕಮಲಾ ಅವರ ತಂಗಿಯ ಮಗಳು. ಫೋನ್ ಮಾಡಿದ್ದೇ ತಡ, "ದೊಡ್ಡಮ್ಮ ಬರೋದಾದ್ರೆ ಮನೇನೇ ಬಿಟ್ಕೊಡ್ತೀನಿ" ಎಂದಳು. ಗುಂಪಿನ ಉಳಿದವರಿಗೆ ಅವತ್ತು ಅಲ್ಲಿಯ ಗೈಡ್ ಒಬ್ಬರ ಜೊತೆ ಬೆಟ್ಟದ ಹೂದೋಟ, ಇವರಿಬ್ಬರಿಗೆ ತಿಥಿ. ಚಂದ್ರಮೌಳಿ ಅರ್ಧ ಮನಸ್ಸಿನಿಂದ ಒಪ್ಪಿದರು. ಉಳಿದರ್ಧವನ್ನು ಕಾಗೆಯ ಮೇಲೆ ಹಾಕಿದರು. "ಅಪ್ಪ ಮುನಿಸ್ಕೊಂಡಿದ್ರೆ ನಾನು ಹೂವು ನೋಡೋಕೆ ಬರೋನಲ್ಲ" ಎಂದರು.

ಬೆಳಗ್ಗೆ ಬಾಳೆಕಾಯಿ, ಗೋರಿಕಾಯಿ ಹೆಚ್ಚಿಕೊಡುವುದು ಜಯಮಾಲಾ ಪಾಲಿನ ಕೆಲಸ. ಹಸಿಮೆಣಸಿನಕಾಯಿ ಇಲ್ಲ, ಕಾಳುಮೆಣಸು. ಟೊಮೆಟೊ ಇಲ್ಲ, ಹುಣಸೆಹಣ್ಣು. ಮಧ್ಯಾಹ್ನ ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟ ಫೋನಿನಲ್ಲಿ ಗುರುದತ್ ಮಂತ್ರ ಹೇಳುತ್ತಾರೆ. ಚಂದ್ರಮೌಳಿ ಎಳ್ಳುನೀರು ಬಿಡುತ್ತಾರೆ. ಎಲೆಯಲ್ಲಿ ಅನ್ನ, ಪಾಯಸ, ಉದ್ದಿನ ವಡೆ ಇಟ್ಟು ಹಿತ್ತಿಲಿಗೆ ಒಯ್ಯುತ್ತಾರೆ.

ಕಾಗೆ ಇಲ್ಲ. ಎದುರಿನ ಶಾಲೆಯಲ್ಲಿ ಮಕ್ಕಳು ಚೆಲ್ಲುವ ತಿಂಡಿಗೆ ದಿನಾ ಹಿಂಡುಗಟ್ಟಲೆ ಬರುತ್ತಿದ್ದವಂತೆ. ನಿನ್ನೆಯಿಂದ ಶಾಲೆಗೆ ರಜೆ. ಕಪ್ಪು ಬಿಳುಪಿನ ಹಕ್ಕಿಯೊಂದು ಠೀವಿಯಿಂದ ನಡೆದು ಬರುತ್ತದೆ. ಚಂದ್ರಮೌಳಿ ಮುಖ ಅರಳುವಷ್ಟರಲ್ಲಿ ರಂಜನಿಯ ಮಗಳು ಚಿನ್ಮಯಿ, "ನೋ ತಾತ, ದಟ್ಸ್ ಎ ಮ್ಯಾಗ್‌ಪೈ" ಎಂದುಬಿಡುತ್ತಾಳೆ. ಕಮಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಲ್ಲುತ್ತಾರೆ.

"ಎಲ್ಲಾ ಒಳಗೆ ಬನ್ನಿ" ಎಂದು ಜಯಮಾಲಾ ಗದರುತ್ತಾರೆ. "ನಾವು ಐದು ಜನ ಹೀಗೆ ಮುತ್ತಿಕೊಂಡು ನಿಂತ್ರೆ ಕಾಗೆ ಏನು, ನೆಂಟರೂ ಬರಲ್ಲ. ಅಂಕಲ್, ನೀವೂ ಬನ್ನಿ."

ಬಾಗಿಲು ಎಳೆದುಕೊಂಡು ಎಲ್ಲರೂ ಗಾಜಿನ ಹಿಂದೆ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಸೂರಿನಿಂದ ಒಂದು ಕರಿ ಹಕ್ಕಿ ಬೇಲಿಗೆ ಹಾರುತ್ತದೆ, ಬೇಲಿಯಿಂದ ನೆಲಕ್ಕೆ. ನಮ್ಮ ಕಾಗೆಗಿಂತ ದಪ್ಪ, ಕಣ್ಣು ಬೆಳ್ಳಗೆ. ಅತ್ತಿತ್ತ ನೋಡಿ, ಅನ್ನವನ್ನು ಕುಕ್ಕಿ, ವಡೆಯೊಂದನ್ನು ಕಚ್ಚಿಕೊಂಡು ಹಾರಿಹೋಗುತ್ತದೆ.

"ಕಣ್ಣು ಬೆಳ್ಳಗಿತ್ತಲ್ರೀ" ಎನ್ನುತ್ತಾರೆ ಕಮಲಾ, ಇನ್ನೂ ಅಂಜುತ್ತಾ.

"ಬೆಳ್ಳಗಿದ್ರೇನೇ? ಬಣ್ಣ ಕಪ್ಪೇ ತಾನೆ? ನಮ್ಮಪ್ಪಂಗೂ ಪಾಯಸಕ್ಕಿಂತ ವಡೆ ಮೇಲೇ ಕಣ್ಣು!" ಚಂದ್ರಮೌಳಿ ನಗುತ್ತಾರೆ, ನಗುತ್ತಲೇ ಪಂಚೆಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾರೆ. ಜಯಮಾಲಾ ಅಲ್ಲೇ ಕುರ್ಚಿ ಎಳೆದುಕೊಂಡು ಕುಸಿದು ಕೂರುತ್ತಾರೆ. ಬೆಳಗಿನಿಂದ ಅವರು ಕೂತದ್ದೇ ಇಲ್ಲ.

ಎರಡು ದಿನದ ಮೇಲೆ, ಪರ್ತ್‌ನಿಂದ ಕೆಲವು ಗಂಟೆ ಉತ್ತರಕ್ಕೆ. ಮಳೆ ತಡವಾಗಿ ಹಿಡಿದ ವರ್ಷವಾದ್ದರಿಂದ ಹೂವು ಇನ್ನೂ ಇದೆ. ಬಿಳಿ, ಹಳದಿ, ತಿಳಿ ಗುಲಾಬಿ, ಕಣ್ಣು ಹಾಯುವವರೆಗೂ ಹಾಸಿಕೊಂಡಿದೆ. ಕಮಲಾ ವ್ಯಾನ್‌ನಿಂದ ಇಳಿದವರು ಫೋಟೊಗೂ ನಿಲ್ಲದೆ, ನಡುವಿನ ಕಾಲುದಾರಿ ಹಿಡಿದು ನಡೆದೇ ಹೋಗಿದ್ದಾರೆ. ದೂರದಲ್ಲಿ ಅವರ ಹಸಿರು ಸೀರೆ ಮಾತ್ರ ಕಾಣುತ್ತಿದೆ.

ಈ ಕೆಲಸದಲ್ಲಿ ಇನ್ನೇನು ಆಸೆ ಎಂದು ಕೇಳಿದರೆ ಜಯಮಾಲಾ ವ್ಯಾನ್‌ನ ಮೆಟ್ಟಿಲ ಮೇಲೆ ಕೂತು ಯೋಚಿಸುತ್ತಾರೆ. "ಒಂದ್ಸಲ ಬೇರೆ ಯಾರಾದ್ರೂ ಪ್ಲಾನ್ ಮಾಡಿ ನನ್ನ ಕರ್ಕೊಂಡು ಹೋಗ್ಲಿ. ಹಿಂದಿನ ಸೀಟಲ್ಲಿ ಕೂತು ಪೂರ್ತಿ ದಾರಿ ನಿದ್ದೆ ಮಾಡ್ತೀನಿ. ಅದು ಬಿಟ್ರೆ ಏನೂ ಇಲ್ಲ."

ಅಷ್ಟರಲ್ಲಿ ಚಂದ್ರಮೌಳಿ ಗಡಿಯಾರ ನೋಡಿಕೊಂಡು, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಲು ಅಣಿಯಾಗುತ್ತಾರೆ. "ಕಾಫಿ ಹೊತ್ತಾಯ್ತು. ಎಲ್ಲಿ ಹೋದ್ಲು ಇವ್ಳು?"

ಜಯಮಾಲಾ ಎದ್ದು ಅವರ ತೋಳು ಹಿಡಿದು ತಡೆಯುತ್ತಾರೆ.

"ಕರೀಬೇಡಿ ಅಂಕಲ್. ಫ್ಲಾಸ್ಕಲ್ಲಿದೆ, ನಾನೇ ಬಗ್ಗಿಸಿಕೊಡ್ತೀನಿ. ಐದು ತಿಂಗಳಾದ ಮೇಲೆ ಇವತ್ತು ಆಂಟೀನ ಯಾರೂ ಕರೀತಿಲ್ಲ. ಎಷ್ಟು ದೂರ ಬೇಕೋ ಅಷ್ಟು ದೂರ ಹೋಗಿ ಬರ್ಲಿ."